ಸುತ್ತಳತೆಯಿಂದ ವಿಸ್ತೀರ್ಣ: ವೃತ್ತದ ಒಂದು ಹಳೆಯ ಲೆಕ್ಕ

ತೇಗದ ದಿಮ್ಮಿಯೊಂದಕ್ಕೆ ಟೇಪು ಸುತ್ತಿದರೆ ಸರಿಯಾಗಿ 120 ಸೆಂಟಿಮೀಟರ್ ಬಂತು ಎಂದಿಟ್ಟುಕೊಳ್ಳಿ. ಅದನ್ನು ಅಡ್ಡ ಕೊಯ್ದಾಗ ಕಾಣುವ ಮುಖದ ವಿಸ್ತೀರ್ಣ ಎಷ್ಟು? ಪ್ರಾಚೀನ ಬ್ಯಾಬಿಲೋನಿಯದ ಲೆಕ್ಕಿಗನ ಸೂತ್ರ ಹಿಡಿದರೆ 1200 ಚದರ ಸೆಂಟಿಮೀಟರ್. ರಾಷ್ಟ್ರಕೂಟರ ಕಾಲದ ಮಹಾವೀರಾಚಾರ್ಯರ ಸೂಕ್ಷ್ಮ ಲೆಕ್ಕಕ್ಕೆ ಸುಮಾರು 1138. ಆರ್ಯಭಟನ ಅನುಪಾತಕ್ಕೆ 1145.9. ಇಂದಿನ ನಾಟಾ ಡಿಪೊದಲ್ಲಿ ಬಹುಕಾಲದಿಂದ ನಡೆದುಬಂದ ಲೆಕ್ಕಕ್ಕೆ ಬರೀ 900. ಒಂದೇ ದಿಮ್ಮಿಗೆ ನಾಲ್ಕು ಉತ್ತರ.

ಶಾಲೆಯಲ್ಲಿ ನಾವೆಲ್ಲ ಕಲಿತದ್ದು ತ್ರಿಜ್ಯದ ವರ್ಗವನ್ನು ಪೈಯಿಂದ ಗುಣಿಸುವ ಸೂತ್ರ. ಆದರೆ ನಿಂತ ಮರದ, ದುಂಡು ಕಂಬದ, ತುಂಬಿದ ಕಣಜದ ತ್ರಿಜ್ಯ ಕೈಗೆ ಸಿಗುವುದಿಲ್ಲ. ಅದರ ಕೇಂದ್ರ ಒಳಗೆ ಹುದುಗಿರುತ್ತದೆ. ಹಗ್ಗಕ್ಕೂ ಟೇಪಿಗೂ ಎಟಕುವುದು ಸುತ್ತಳತೆ ಮಾತ್ರ. ಆದ್ದರಿಂದ ಸುತ್ತಳತೆಯಿಂದ ವಿಸ್ತೀರ್ಣ ತೆಗೆಯುವುದನ್ನು ಶಾಲೆಯ ಸೂತ್ರದ ಬಾಲಂಗೋಚಿಯಂತೆ ನೋಡುವುದು ತಪ್ಪು. ವೃತ್ತಕ್ಕೆ ಸಂಬಂಧಿಸಿ ಮನುಷ್ಯ ಕೇಳಿಕೊಂಡ ಅತಿ ಹಳೆಯ ಪ್ರಶ್ನೆಗಳಲ್ಲಿ ಅದೂ ಒಂದು.

ಇದರ ಚರಿತ್ರೆಯಲ್ಲಿ ಎರಡು ತಿಳಿವಳಿಕೆಗಳು ಹೆಣೆದುಕೊಂಡಿವೆ. ಪರಿಧಿಯ ಅರ್ಧವನ್ನು ವ್ಯಾಸದ ಅರ್ಧದಿಂದ ಗುಣಿಸಿದರೆ ವಿಸ್ತೀರ್ಣ ಬರುತ್ತದೆ ಎಂಬ ಸಂಬಂಧ ಒಂದು. ಪರಿಧಿ ವ್ಯಾಸದ ಎಷ್ಟು ಪಟ್ಟು ಎಂಬ ಸಂಖ್ಯೆ ಇನ್ನೊಂದು. ಮೊದಲನೆಯದು ಕರಾರುವಾಕ್ಕಾಗಿ ನಿಜ, ಅದರಲ್ಲಿ ಅಂದಾಜಿನ ಸೋಂಕಿಲ್ಲ. ಎರಡನೆಯದನ್ನು ಯಾವ ಭಿನ್ನರಾಶಿಯೂ ಪೂರ್ತಿ ಹಿಡಿದಿಡಲಾರದು. ಹಳೆಯ ಗಣಿತಗಳ ಬಗ್ಗೆ ನಡೆಯುವ ವಾದಗಳಲ್ಲಿ ಬಹಳಷ್ಟು ಗೊಂದಲ ಹುಟ್ಟುವುದು ಇವೆರಡನ್ನೂ ಬೆರೆಸುವುದರಿಂದಲೇ ಎಂದು ನನ್ನ ಅಭಿಪ್ರಾಯ.

ಪರಿಧಿಯೇ ಮೊದಲು: ಬ್ಯಾಬಿಲೋನಿಯ

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿ ವೈಬಿಸಿ 7302 ಎಂಬ ಸಂಖ್ಯೆಯ ಪುಟ್ಟ ಮಣ್ಣಿನ ಫಲಕವಿದೆ. ಕಾಲ ಸುಮಾರು ಕ್ರಿ.ಪೂ. 1900ರಿಂದ 1600ರ ನಡುವೆ. ಅದರ ಮೇಲೆ ಒಂದು ವೃತ್ತ, ಮತ್ತೆ ಮೂರೇ ಸಂಖ್ಯೆಗಳು: ವೃತ್ತದ ಮೇಲ್ಗಡೆ 3, ಪಕ್ಕದಲ್ಲಿ 9, ಒಳಗೆ 45. ವಿವರಣೆಯ ಒಂದು ಪದವೂ ಇಲ್ಲ. ಅರವತ್ತನ್ನು ಆಧಾರವಾಗಿಟ್ಟುಕೊಂಡ ಅವರ ಎಣಿಕೆ ಗೊತ್ತಿದ್ದರೆ ಇದನ್ನು ಓದುವುದು ಕಷ್ಟವಲ್ಲ. ಪರಿಧಿ 3, ಅದರ ವರ್ಗ 9, ಒಂಬತ್ತರ ಹನ್ನೆರಡನೆಯ ಒಂದು ಭಾಗ ಮುಕ್ಕಾಲು, ಎಂದರೆ ಅರವತ್ತರಲ್ಲಿ 45. ಪರಿಧಿಯ ವರ್ಗವನ್ನು 12ರಿಂದ ಭಾಗಿಸು ಎಂಬುದೇ ಇಲ್ಲಿನ ನಿಯಮ. ಇಂದಿನ ಸೂತ್ರ ಪರಿಧಿಯ ವರ್ಗವನ್ನು ಪೈಯ ನಾಲ್ಕು ಪಟ್ಟಿನಿಂದ ಭಾಗಿಸುತ್ತದೆ. ಪೈಯ ಬದಲು 3 ಇಟ್ಟರೆ ಎರಡೂ ಒಂದೇ.

ಇರಾಕಿನ ತೆಲ್ ಹದ್ದಾದ್‌ನಲ್ಲಿ ಸಿಕ್ಕ ಇನ್ನೊಂದು ಫಲಕ, ಹದ್ದಾದ್ 104, ಇನ್ನೂ ಹೆಚ್ಚು ಹೇಳುತ್ತದೆ. ಅದರಲ್ಲಿರುವುದು ಮರದ ದಿಮ್ಮಿಯದೇ ಲೆಕ್ಕ. ಅಲ್ಲಿ ಕೊಟ್ಟಿರುವುದು ವ್ಯಾಸ: ಒಂದೂ ನಲವತ್ತು ಅರವತ್ತಾಂಶ. ಲೆಕ್ಕಿಗ ನೇರವಾಗಿ ವ್ಯಾಸದಿಂದ ವಿಸ್ತೀರ್ಣಕ್ಕೆ ಹೋಗುವುದಿಲ್ಲ. ಅದನ್ನು ಮೂರು ಪಟ್ಟು ಮಾಡಿ 5 ಎಂಬ ಪರಿಧಿ ತೆಗೆಯುತ್ತಾನೆ, 5ನ್ನು ವರ್ಗಿಸಿ 25 ಮಾಡುತ್ತಾನೆ, ಆಮೇಲೆ ಹನ್ನೆರಡನೆಯ ಒಂದು ಭಾಗ ಹಿಡಿಯುತ್ತಾನೆ. ವ್ಯಾಸ ಕೈಯಲ್ಲಿದ್ದಾಗಲೂ ಪರಿಧಿಯ ದಾರಿಯನ್ನೇ ಹಿಡಿದ ಈ ಕ್ರಮವನ್ನು ಇತಿಹಾಸಕಾರ್ತಿ ಎಲಿನರ್ ರಾಬ್ಸನ್ ಎತ್ತಿ ತೋರಿಸಿದ್ದಾರೆ. ಕೇಂದ್ರದಿಂದ ಸಮದೂರದಲ್ಲಿರುವ ಬಿಂದುಗಳ ಸಾಲು ಎಂದು ನಾವು ವೃತ್ತವನ್ನು ಕಾಣುತ್ತೇವೆ. ಬ್ಯಾಬಿಲೋನಿಯದವರಿಗೆ ಅದು ಗೆರೆಯೊಂದು ಸುತ್ತುವರಿದ ಜಾಗವಾಗಿತ್ತು ಎಂಬುದು ರಾಬ್ಸನ್ ವಾದ. ನನಗೆ ಇದು ಒಪ್ಪಿಗೆಯಾಗುವ ವಾದ. ಅವರ ಗುಣಾಂಕ ಒರಟಾಗಿತ್ತು ಎಂದು ನಗುವವರು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಇರಾನಿನ ಸೂಸಾದಲ್ಲಿ ದೊರೆತ ಫಲಕವೊಂದರ ತಿದ್ದುಪಡಿ ಗುಣಾಂಕವನ್ನು ಬಹುಪಾಲು ವಿದ್ವಾಂಸರು ಓದುವಂತೆ ಓದಿದರೆ ಪೈ ಮೂರೂ ಎಂಟನೆಯ ಒಂದು ಭಾಗವಾಗುತ್ತದೆ. ಮೂರು ಎಂಬುದು ವ್ಯವಹಾರಕ್ಕೆ ಸಾಕಾದ ಅಂಕಿಯಷ್ಟೆ ಎಂಬ ಅರಿವು ಕೆಲವರಿಗಾದರೂ ಇತ್ತು.

ವ್ಯಾಸದ ದಾರಿ: ನೈಲ್ ಮತ್ತು ಯಜ್ಞವೇದಿ

ಈಜಿಪ್ಟಿನವರು ಪರಿಧಿಯನ್ನು ಮುಟ್ಟದೆಯೇ ಸಾಗಿದರು. ಕ್ರಿ.ಪೂ. 1550ರ ಸುಮಾರಿಗೆ ಅಹ್ಮೋಸ್ ಎಂಬ ಲಿಪಿಕಾರ ನಕಲು ಮಾಡಿದ ರೈಂಡ್ ಪಪೈರಸ್‌ನ 50ನೆಯ ಲೆಕ್ಕದಲ್ಲಿ 9 ಅಳತೆ ವ್ಯಾಸದ ದುಂಡು ಹೊಲವಿದೆ. ಒಂಬತ್ತರಲ್ಲಿ ಒಂದು ಭಾಗ ಕಳೆದು ಉಳಿದ 8ನ್ನು ವರ್ಗಿಸಿದರೆ 64, ಅದೇ ವಿಸ್ತೀರ್ಣ. ಫಲ ಚೆನ್ನಾಗಿದೆ, ಪೈ 3.16ರ ಹತ್ತಿರ ಬರುತ್ತದೆ. ಆದರೆ ಸುತ್ತಳತೆ ಮಾತ್ರ ಗೊತ್ತಿರುವವನಿಗೆ ಈ ನಿಯಮ ಒಂದರಿಂದಲೇ ಪ್ರಯೋಜನವಿಲ್ಲ.

ಯಜ್ಞವೇದಿಗಳ ಅಳತೆ ಹೇಳುವ ನಮ್ಮ ಶುಲ್ಬಸೂತ್ರಗಳೂ ಹೀಗೆಯೇ. ಚೌಕದ ವೇದಿಯಷ್ಟೇ ವಿಸ್ತೀರ್ಣದ ದುಂಡು ವೇದಿ ಕಟ್ಟಬೇಕಾದಾಗ ಬೌಧಾಯನ ಕೊಡುವ ವಿಧಾನದಲ್ಲಿ ಅಡಗಿರುವ ಪೈ ಸುಮಾರು 3.088. ಅದೇ ಗ್ರಂಥ ಯೂಪಸ್ತಂಭದ ಗುಂಡಿಯ ಸುತ್ತಳತೆಯನ್ನು ವ್ಯಾಸದ ಮೂರು ಪಟ್ಟು ಎನ್ನುತ್ತದೆ. ವಿಸ್ತೀರ್ಣಕ್ಕೆ ಒಂದು ಸಂಖ್ಯೆ, ಸುತ್ತಳತೆಗೆ ಇನ್ನೊಂದು. ಎರಡರ ಹಿಂದೆಯೂ ಒಂದೇ ಅನುಪಾತವಿದೆ ಎಂಬ ಮಾತು ಇಲ್ಲಿ ಕಾಣುವುದಿಲ್ಲ. ಎರಡೂ ಅನುಪಾತಗಳು ಒಂದೇ ಆಗಿರಬೇಕು ಎಂಬುದು ತಾನಾಗಿ ಹೊಳೆಯುವ ಸಂಗತಿಯಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಸಂಬಂಧ ಕಂಡವರು

ಚೀನಾದ ‘ಒಂಬತ್ತು ಅಧ್ಯಾಯಗಳು’ ಎಂಬ ಗಣಿತಗ್ರಂಥದಲ್ಲಿ ದುಂಡು ಹೊಲಕ್ಕೆ ನಾಲ್ಕು ನಿಯಮಗಳು ಒಟ್ಟೊಟ್ಟಿಗೆ ಬರುತ್ತವೆ: ಅರ್ಧ ಪರಿಧಿ ಗುಣಿಸು ಅರ್ಧ ವ್ಯಾಸ, ಪರಿಧಿಯನ್ನು ವ್ಯಾಸದಿಂದ ಗುಣಿಸಿ ನಾಲ್ಕರಿಂದ ಭಾಗಿಸು, ವ್ಯಾಸದ ವರ್ಗದ ಮುಕ್ಕಾಲು, ಪರಿಧಿಯ ವರ್ಗದ ಹನ್ನೆರಡನೆಯ ಒಂದು ಭಾಗ. ಓದುಗನ ಕಣ್ಣಿಗೆ ನಾಲ್ಕೂ ಸಮಾನ. ಕ್ರಿ.ಶ. 263ರಲ್ಲಿ ಅದಕ್ಕೆ ವ್ಯಾಖ್ಯಾನ ಬರೆದ ಲಿಯು ಹುಯಿ ಮಾತ್ರ ಇವುಗಳನ್ನು ಎರಡು ಗುಂಪಾಗಿ ಒಡೆದ. ಮೊದಲಿನ ಎರಡು ಯಾವಾಗಲೂ ಸರಿ, ಕೊನೆಯ ಎರಡು ಒರಟು ಎಂದ. ಮೂರು ಎಂಬ ಸಂಖ್ಯೆ ಎಲ್ಲಿಯದೆಂದೂ ತೋರಿಸಿದ. ವೃತ್ತದೊಳಗೆ ಆರು ಸಮಬಾಹುಗಳ ಆಕೃತಿ ಬರೆದರೆ ಅದರ ಸುತ್ತಳತೆ ವ್ಯಾಸದ ನೇರ ಮೂರು ಪಟ್ಟು. ಆ ಆರು ಬಾಹುಗಳ ಸುತ್ತಳತೆಯ ಅರ್ಧವನ್ನು ತ್ರಿಜ್ಯದಿಂದ ಗುಣಿಸಿದರೆ ಬರುವುದು ವೃತ್ತದ ವಿಸ್ತೀರ್ಣವಲ್ಲ, ಒಳಗಿನ ಹನ್ನೆರಡು ಬಾಹುಗಳ ಆಕೃತಿಯದು. ಬಾಹುಗಳನ್ನು ದ್ವಿಗುಣಗೊಳಿಸುತ್ತ 192ಕ್ಕೆ ಹೋಗಿ, 12ರ ಭಾಗಾಕಾರ ಬಿಟ್ಟು ಪರಿಧಿಯ ವರ್ಗವನ್ನು 25ರಿಂದ ಗುಣಿಸಿ 314ರಿಂದ ಭಾಗಿಸಿ ಎಂದ. ನಮ್ಮ ದಿಮ್ಮಿಗೆ ಇದರಿಂದ 1146.5 ಬರುತ್ತದೆ.

ಇದಕ್ಕೆ ಐದು ಶತಮಾನ ಮೊದಲೇ ಆರ್ಕಿಮಿಡೀಸ್ ಅದೇ ಸಂಬಂಧವನ್ನು ಬೇರೆ ಮಾತಿನಲ್ಲಿ ಸಾಧಿಸಿದ್ದ. ಒಂದು ಬಾಹು ತ್ರಿಜ್ಯದಷ್ಟು, ಅದಕ್ಕೆ ಲಂಬವಾದ ಇನ್ನೊಂದು ಪರಿಧಿಯಷ್ಟು ಇರುವ ಲಂಬಕೋನ ತ್ರಿಕೋನದ ವಿಸ್ತೀರ್ಣವೇ ವೃತ್ತದ ವಿಸ್ತೀರ್ಣ. ಹೆಚ್ಚೆಂದು ಹಿಡಿದರೂ ವಿರೋಧ, ಕಡಿಮೆಯೆಂದು ಹಿಡಿದರೂ ವಿರೋಧ, ಆದ್ದರಿಂದ ಸಮ ಎಂಬುದು ಅವನ ಸಾಧನೆಯ ಬಗೆ. ಸಂಖ್ಯೆಯನ್ನು ಅವನು ಬೇರೆಯಾಗಿಯೇ ಇಟ್ಟ. 96 ಬಾಹುಗಳ ಆಕೃತಿಗಳಿಂದ ಪೈಯನ್ನು ಮೂರೂ ಹತ್ತು ಎಪ್ಪತ್ತೊಂದನೆಯ ಭಾಗ ಮತ್ತು ಮೂರೂ ಏಳನೆಯ ಒಂದು ಭಾಗಗಳ ನಡುವೆ ಕೂರಿಸಿದ.

ಕ್ರಿ.ಶ. 499ರಲ್ಲಿ ಆರ್ಯಭಟನೂ ಇವನ್ನು ಬೇರೆ ಬೇರೆ ಶ್ಲೋಕಗಳಲ್ಲಿ ಇಟ್ಟ. ಅರ್ಧ ಪರಿಧಿಯನ್ನು ಅರ್ಧ ವ್ಯಾಸದಿಂದ ಗುಣಿಸುವುದನ್ನು ಯಾವ ಹಿಂಜರಿಕೆಯೂ ಇಲ್ಲದೆ ಹೇಳುತ್ತಾನೆ. ವ್ಯಾಸ 20000 ಇದ್ದರೆ ಪರಿಧಿ 62832 ಎನ್ನುವಾಗ ಮಾತ್ರ ಇದು ಆಸನ್ನ, ಹತ್ತಿರದ್ದು ಎಂದು ಎಚ್ಚರಿಸುತ್ತಾನೆ. ಹಳೆಯ ಗ್ರಂಥವೊಂದರಲ್ಲಿ ಇಷ್ಟು ಸ್ಪಷ್ಟವಾದ ವಿವೇಚನೆ ಕಂಡಾಗ ಮನಸ್ಸು ತುಂಬುತ್ತದೆ. ಆ ಎಚ್ಚರಿಕೆ ಯಾಕೆ ಎಂದು ಸಾವಿರ ವರ್ಷ ಕಳೆದ ಮೇಲೆ ಕೇರಳದ ನೀಲಕಂಠ ಸೋಮಯಾಜಿ ಬಿಡಿಸಿ ಹೇಳಿದ: ಯಾವ ಮಾನದಂಡದಿಂದ ಅಳೆದರೆ ವ್ಯಾಸ ಶೇಷವಿಲ್ಲದೆ ಬರುತ್ತದೋ ಅದರಿಂದ ಪರಿಧಿ ಶೇಷವಿಲ್ಲದೆ ಬರುವುದಿಲ್ಲ.

ಜೈನ ಪರಂಪರೆ ಮತ್ತು ಕನ್ನಡ ನಾಡು

ಜೈನ ಲೋಕವಿವರಣೆಯಲ್ಲಿ ಜಂಬೂದ್ವೀಪ ಒಂದು ಲಕ್ಷ ಯೋಜನ ವ್ಯಾಸದ ವೃತ್ತ. ಅದರ ಪರಿಧಿಯನ್ನು ಹತ್ತರ ವರ್ಗಮೂಲದಿಂದ ತೆಗೆದು 316227 ಯೋಜನ ಮತ್ತು ಅದರ ಮೇಲಿನ ಕ್ರೋಶ, ಧನುಸ್ಸು, ಅಂಗುಲಗಳವರೆಗೂ ಇಳಿಸಿದ್ದಾರೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಭಾಷ್ಯದಲ್ಲಿ ಪರಿಧಿಯನ್ನು ವ್ಯಾಸದ ಕಾಲುಭಾಗದಿಂದ ಗುಣಿಸಿ ಕ್ಷೇತ್ರಫಲ ತೆಗೆಯುವ ನಿಯಮವಿದೆ. ಆ ಲೆಕ್ಕಕ್ಕೆ ಜಂಬೂದ್ವೀಪದ ವಿಸ್ತೀರ್ಣ 790 ಕೋಟಿ ಚದರ ಯೋಜನ ಮೀರುತ್ತದೆ. ಇಲ್ಲಿ ಸಂಖ್ಯೆ ಅಂದಾಜಿನದು, ಆದರೆ ಪರಿಧಿಯಿಂದ ವಿಸ್ತೀರ್ಣಕ್ಕೆ ಇಟ್ಟ ಹೆಜ್ಜೆ ನಿಖರ.

ಇದೇ ಪರಂಪರೆಯವರು ಕ್ರಿ.ಶ. 850ರ ಸುಮಾರಿನ ಮಹಾವೀರಾಚಾರ್ಯರು. ಅಮೋಘವರ್ಷ ನೃಪತುಂಗನನ್ನು ಹೊಗಳಿ ಆರಂಭವಾಗುವ ಅವರ ‘ಗಣಿತಸಾರಸಂಗ್ರಹ’ ಸ್ಥೂಲ ಮತ್ತು ಸೂಕ್ಷ್ಮ ಎಂದು ಎರಡು ಬಗೆಯ ಲೆಕ್ಕ ಕೊಡುತ್ತದೆ. ಸ್ಥೂಲಕ್ಕೆ ಪೈ 3, ಸೂಕ್ಷ್ಮಕ್ಕೆ ಹತ್ತರ ವರ್ಗಮೂಲ. ಪರಿಧಿಯನ್ನು ಕಾಲು ವ್ಯಾಸದಿಂದ ಗುಣಿಸುವುದು ಇಲ್ಲೂ ಇದೆ. ಅದೇ ಉಸಿರಿನಲ್ಲಿ ಅವರು ಆಯತವೃತ್ತವನ್ನು, ಎಂದರೆ ನೀಳವಾದ ವೃತ್ತವನ್ನು, ಎತ್ತಿಕೊಳ್ಳುತ್ತಾರೆ. ಉದ್ದ 36, ಅಗಲ 12 ಎಂಬುದು ಅವರ ಉದಾಹರಣೆ. ಅಗಲದ ವರ್ಗದ ಆರು ಪಟ್ಟಿಗೆ ಉದ್ದದ ಎರಡು ಪಟ್ಟಿನ ವರ್ಗ ಕೂಡಿಸಿ ಮೂಲ ತೆಗೆದರೆ ಪರಿಧಿ ಸುಮಾರು 77.8 ಆಗುತ್ತದೆ. ಈ ಆಕೃತಿಯನ್ನು ದೀರ್ಘವೃತ್ತವೆಂದು ಹಿಡಿದರೆ ನಿಜವಾದ ಪರಿಧಿ 80.2ರ ಆಸುಪಾಸು. ಒಂಬತ್ತನೆಯ ಶತಮಾನದ ಲೆಕ್ಕ ಇಷ್ಟು ಹತ್ತಿರ ಬಂದದ್ದು ಬೆರಗಿನ ಸಂಗತಿ.

ಮುಂದೆ ವಿಸ್ತೀರ್ಣಕ್ಕೆ ಬಂದಾಗ ಆ ಪರಿಧಿಯನ್ನು ಅಗಲದ ಕಾಲುಭಾಗದಿಂದ ಗುಣಿಸಿ ಎನ್ನುತ್ತಾರೆ. ಆಗ ಬರುವುದು 233. ನಿಜವಾದ ವಿಸ್ತೀರ್ಣ 339. ಮೂರನೆಯ ಒಂದು ಭಾಗದಷ್ಟು ಹೋಯಿತು. ಇಡೀ ಚರ್ಚೆಯಲ್ಲಿ ನನಗೆ ಅತಿ ಬೆಲೆಯುಳ್ಳದ್ದಾಗಿ ತೋರುವುದು ಈ ತಪ್ಪೇ. ಅಂಚಿನ ಪ್ರತಿ ಬಿಂದುವೂ ಕೇಂದ್ರದಿಂದ ಸಮದೂರದಲ್ಲಿದೆ ಎಂಬುದರಿಂದಲೇ ವೃತ್ತಕ್ಕೆ ಆ ನಿಯಮ ಹೊಂದುತ್ತದೆ. ಆ ಸಮದೂರ ತಪ್ಪಿದ ಕ್ಷಣವೇ ಪರಿಧಿಯಿಂದ ವಿಸ್ತೀರ್ಣಕ್ಕೆ ಇರುವ ಸೇತುವೆ ಮುರಿಯುತ್ತದೆ. ನಿಯಮದ ಬಲ ಎಲ್ಲಿಯದು ಎಂದು ಸರಿಯಾದ ನೂರು ಉದಾಹರಣೆಗಳಿಗಿಂತ ಚೆನ್ನಾಗಿ ಇದೊಂದು ತೋರಿಸುತ್ತದೆ.

ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ‘ಕ್ಷೇತ್ರಗಣಿತ’, ‘ವ್ಯವಹಾರಗಣಿತ’ಗಳನ್ನು ಕನ್ನಡದಲ್ಲೇ ಬರೆದು ಈ ವಿದ್ಯೆಯನ್ನು ನಾಡಿನ ನುಡಿಗೆ ತಂದ. ಅದೇ ಶತಮಾನದ ಭಾಸ್ಕರಾಚಾರ್ಯನ ‘ಲೀಲಾವತಿ’ (1150) ಸೂಕ್ಷ್ಮಕ್ಕೆ 3927/1250, ವ್ಯವಹಾರಕ್ಕೆ 22/7 ಎಂದು ಇಟ್ಟಿತು. ಎರಡನೆಯದು ಇಂದಿಗೂ ಶಾಲೆಯ ಮಕ್ಕಳ ಬಾಯಲ್ಲಿದೆ.

ಯಾಕೆ ನಿಜ? ಎರಡು ಉತ್ತರಗಳು

‘ಲೀಲಾವತಿ’ಗೆ ಗಣೇಶ ದೈವಜ್ಞ 1545ರಲ್ಲಿ ಬರೆದ ‘ಬುದ್ಧಿವಿಲಾಸಿನೀ’ ವ್ಯಾಖ್ಯಾನದಲ್ಲಿ ಅತ್ಯಂತ ಸುಂದರವಾದ ಉತ್ತರವಿದೆ. ವೃತ್ತವನ್ನು ಎರಡು ಹೋಳು ಮಾಡಿ. ಪ್ರತಿ ಹೋಳನ್ನೂ ಕೇಂದ್ರದಿಂದ ಅಂಚಿನವರೆಗೆ ಚೂಪು ಚೂಪಾದ ಎಸಳುಗಳಾಗಿ ಸೀಳಿ, ಅಂಚು ಮಾತ್ರ ಕಡಿಯದೆ ಬಿಡಿ. ಅಂಚನ್ನು ನೇರಕ್ಕೆ ಎಳೆದು ಬಿಡಿಸಿದರೆ ಎರಡೂ ಹೋಳುಗಳು ಗರಗಸದ ಹಲ್ಲಿನಂತೆ ನಿಲ್ಲುತ್ತವೆ. ಒಂದರ ಹಲ್ಲುಗಳ ನಡುವೆ ಇನ್ನೊಂದರ ಹಲ್ಲು ಕೂರಿಸಿ. ಸಿಗುವ ಆಯತದ ಉದ್ದ ಅರ್ಧ ಪರಿಧಿ, ಅಗಲ ಅರ್ಧ ವ್ಯಾಸ. ಕೇರಳದ ಜ್ಯೇಷ್ಠದೇವ ಮಲಯಾಳದಲ್ಲಿ ಬರೆದ ‘ಯುಕ್ತಿಭಾಷಾ’ದಲ್ಲೂ ಇದೇ ಯುಕ್ತಿ ಇದೆ. ಕಾಗದ, ಕತ್ತರಿ ಇದ್ದರೆ ಏಳನೆಯ ತರಗತಿಯ ಮಗುವೂ ಮಾಡಿ ನೋಡಬಹುದು, ಎಲ್ಲ ಶಾಲೆಗಳಲ್ಲೂ ಮಾಡಿಸಲೇಬೇಕು.

ಎರಡನೆಯದು ಹನ್ನೆರಡನೆಯ ಶತಮಾನದ ಬಾರ್ಸಿಲೋನಾದ ಯಹೂದಿ ವಿದ್ವಾಂಸ ಅಬ್ರಹಾಂ ಬಾರ್ ಹಿಯ್ಯನದು. ವೃತ್ತವನ್ನು ಒಂದರೊಳಗೊಂದು ಬಳೆಗಳಾಗಿ ನೋಡಿ, ಕೇಂದ್ರದವರೆಗೆ ಒಂದೇ ಸೀಳು ಹಾಕಿ ಬಳೆಗಳನ್ನೆಲ್ಲ ನೇರ ಮಾಡಿದರೆ ತ್ರಿಕೋನ ಮಲಗುತ್ತದೆ. ಅದರ ಬುಡ ಹೊರಗಿನ ಪರಿಧಿ, ಎತ್ತರ ತ್ರಿಜ್ಯ. ಆರ್ಕಿಮಿಡೀಸನ ತ್ರಿಕೋನವೇ ಬೇರೆ ದಾರಿಯಲ್ಲಿ ಬಂತು. ತ್ರಿಜ್ಯ ತುಸು ಬೆಳೆದರೆ ವಿಸ್ತೀರ್ಣಕ್ಕೆ ಸೇರುವುದು ಪರಿಧಿಯಷ್ಟು ಉದ್ದದ ತೆಳು ಪಟ್ಟಿ ಎಂದು ಇಂದಿನ ಕಲನಶಾಸ್ತ್ರ ಹೇಳುವುದೂ ಇದನ್ನೇ.

ಈ ಎರಡರಲ್ಲೂ ಒಂದು ಬಿರುಕು ಉಳಿದಿದೆ. ಎಷ್ಟೇ ಸಣ್ಣ ಎಸಳು ಮಾಡಿದರೂ ಅದರ ಬುಡ ಬಾಗಿಯೇ ಇರುತ್ತದೆ. ‘ಇನ್ನೂ ಸಣ್ಣದು ಮಾಡುತ್ತ ಹೋದರೆ’ ಎಂಬ ಮಾತಿಗೆ ಎಷ್ಟು ಭಾರ ಹೊರಿಸಬಹುದು? ಒಂದು ವೃತ್ತದ ಸುತ್ತ ಚೌಕ ಬರೆದು, ಅದರ ಮೂಲೆಗಳನ್ನು ಒಳಕ್ಕೆ ಮಡಚುತ್ತ ಮೆಟ್ಟಿಲು ಮೆಟ್ಟಿಲಾಗಿ ವೃತ್ತಕ್ಕೆ ಅಂಟಿಸುತ್ತ ಹೋಗಿ. ಒಳಗಿನ ವಿಸ್ತೀರ್ಣ ವೃತ್ತದ ವಿಸ್ತೀರ್ಣಕ್ಕೆ ಬಂದು ಸೇರುತ್ತದೆ. ಮೆಟ್ಟಿಲುಗಳ ಒಟ್ಟು ಉದ್ದ ಮಾತ್ರ ವ್ಯಾಸದ ನಾಲ್ಕು ಪಟ್ಟಿನಿಂದ ಒಂದಿನಿತೂ ಇಳಿಯುವುದಿಲ್ಲ. ಕಣ್ಣಿಗೆ ಒಂದಾಗಿ ಕಂಡ ಗೆರೆಗಳ ಉದ್ದ ಒಂದೇ ಆಗಬೇಕೆಂದಿಲ್ಲ. ವಿಸ್ತೀರ್ಣದಲ್ಲಿ ಒಳಗಿರುವುದು ಹೊರಗಿನದಕ್ಕಿಂತ ಚಿಕ್ಕದು ಎಂಬುದು ನೇರ ಸತ್ಯ, ಬಾಗಿದ ಗೆರೆಗಳ ಉದ್ದಕ್ಕೆ ಅದು ತಾನಾಗಿ ಹೊಂದುವುದಿಲ್ಲ. ಆರ್ಕಿಮಿಡೀಸನಿಗೆ ಇದು ಗೊತ್ತಿತ್ತು. ಹೊರಕ್ಕೆ ಉಬ್ಬಿದ ಗೆರೆಗಳಿಗೆ ಮಾತ್ರ ಸಲ್ಲುವ ಒಂದು ಸ್ವಯಂಸಿದ್ಧವನ್ನು ‘ಗೋಳ ಮತ್ತು ಸಿಲಿಂಡರ್’ ಕುರಿತ ಗ್ರಂಥದಲ್ಲಿ ಅವನು ಬೇರೆಯಾಗಿಯೇ ಒಪ್ಪಿಕೊಂಡ. 1637ರಲ್ಲೂ ದೇಕಾರ್ತ್ ನೇರ ಗೆರೆಗೂ ಬಾಗಿದ ಗೆರೆಗೂ ಇರುವ ಅನುಪಾತ ಮನುಷ್ಯರಿಗೆ ನಿಖರವಾಗಿ ಎಟಕದು ಎಂದು ಬರೆದ. ಹತ್ತೊಂಬತ್ತನೆಯ ಶತಮಾನದ ವಿಶ್ಲೇಷಣೆ ಮಿತಿ ಎಂಬ ಕಲ್ಪನೆಯನ್ನು ಬಿಗಿಮಾಡಿದ ಮೇಲಷ್ಟೇ ಈ ಬಿರುಕು ಮುಚ್ಚಿತು. ಪೈಯನ್ನು ಪರಿಧಿಯಿಂದ ವ್ಯಾಖ್ಯಾನಿಸಬೇಕೋ ವಿಸ್ತೀರ್ಣದಿಂದಲೋ ಎಂಬ ಪಾಠಕ್ರಮದ ಜಗಳ ಮಾತ್ರ ಉಳಿದಿದೆ. ಪಠ್ಯಗಳು ಸೈನ್‌ನ ಮಿತಿ ಸಾಧಿಸಲು ವೃತ್ತಖಂಡದ ವಿಸ್ತೀರ್ಣ ಬಳಸಿ, ಆ ವಿಸ್ತೀರ್ಣ ಸಾಧಿಸಲು ಮತ್ತೆ ಸೈನ್‌ನ ಮಿತಿ ಬಳಸುವ ದೋಷವನ್ನು ಗಣಿತಜ್ಞ ಫ್ರೆಡ್ ರಿಚ್‌ಮನ್ 1993ರ ಲೇಖನವೊಂದರಲ್ಲಿ ತೋರಿಸಿದ್ದರು.

ವೃತ್ತವಲ್ಲದಿದ್ದರೆ

ಸುತ್ತಳತೆ ಒಂದೇ ಇದ್ದರೂ ವಿಸ್ತೀರ್ಣ ಬೇರೆ ಬೇರೆ ಇರಬಹುದು, ಎಲ್ಲಕ್ಕಿಂತ ಹೆಚ್ಚು ಜಾಗ ಹಿಡಿಯುವುದು ವೃತ್ತ. ಇದನ್ನು ಕ್ರಿ.ಪೂ. ಎರಡನೆಯ ಶತಮಾನದ ಸುಮಾರಿನ ಜೆನೊಡೋರಸ್ ಎತ್ತಿಕೊಂಡಿದ್ದ. ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಟೈನರ್ ಕೊಟ್ಟ ಸಾಧನೆಗಳು ಸೊಗಸಾಗಿದ್ದರೂ ಅತಿ ದೊಡ್ಡ ಆಕೃತಿಯೊಂದು ಇದ್ದೇ ಇದೆ ಎಂದು ಮೊದಲೇ ಹಿಡಿದಿದ್ದವು. ಆ ಕೊರತೆಯನ್ನು ವೈಯರ್‌ಸ್ಟ್ರಾಸ್ ತುಂಬಿದ.

ಈ ಫಲಿತಾಂಶ ದಿಮ್ಮಿಯ ಬಳಿಗೆ ಬಂದಾಗ ಹಣದ ಮಾತಾಗುತ್ತದೆ. ಯಾವ ಮರವೂ ಪೂರ್ತಿ ದುಂಡಗಿಲ್ಲ. ತೇಗದ ಬುಡದಲ್ಲಿ ಉಬ್ಬು ತಗ್ಗುಗಳಿರುತ್ತವೆ, ಟೇಪು ಉಬ್ಬಿನಿಂದ ಉಬ್ಬಿಗೆ ಹಾಯುತ್ತದೆ. ಆದ್ದರಿಂದ ಸುತ್ತಳತೆಯನ್ನು ವೃತ್ತದ ಸೂತ್ರಕ್ಕೆ ಹಾಕಿದರೆ ಬರುವ ವಿಸ್ತೀರ್ಣ ಇರುವುದಕ್ಕಿಂತ ಹೆಚ್ಚೇ, ಎಂದೂ ಕಡಿಮೆಯಲ್ಲ. ಜೊತೆಗೆ ಟೇಪಿನಲ್ಲಿ ನೂರಕ್ಕೆ ಒಂದರಷ್ಟು ತಪ್ಪಾದರೆ ವಿಸ್ತೀರ್ಣದಲ್ಲಿ ಅದು ಸುಮಾರು ಎರಡಾಗುತ್ತದೆ, ವರ್ಗ ಮಾಡುತ್ತೇವಲ್ಲ.

ಭಾರತದ ನಾಟಾ ವ್ಯವಹಾರದಲ್ಲಿ ಬಳಕೆಯಲ್ಲಿರುವ ಕಾಲು ಸುತ್ತಳತೆಯ ಲೆಕ್ಕ ಬೇರೆಯೇ. ಇಂಗ್ಲೆಂಡಿನ ಎಡ್ವರ್ಡ್ ಹಾಪಸ್ 1736ರಲ್ಲಿ ಪ್ರಕಟಿಸಿದ ಕೋಷ್ಟಕಗಳಿಂದ ಇದಕ್ಕೆ ಅವನ ಹೆಸರು ಬಂತು. ಸುತ್ತಳತೆಯ ಕಾಲುಭಾಗವನ್ನು ವರ್ಗ ಮಾಡಿ ಉದ್ದದಿಂದ ಗುಣಿಸುವುದು, ಅಷ್ಟೆ. 120ರ ಕಾಲುಭಾಗ 30, ಅದರ ವರ್ಗ 900. ನಿಜವಾದ 1146ರ ಎದುರು ನೂರಕ್ಕೆ 21ಕ್ಕಿಂತ ಹೆಚ್ಚು ಕಡಿಮೆ. ಇದು ಮಾರುವವನಿಗೆ ಆಗುವ ಮೋಸವೆಂದು ಕೆಲವರ ವಾದ. ತೊಗಟೆ ಹೋಗಿ, ಗರಗಸದ ಪುಡಿ ಹೋಗಿ, ಬದಿಯ ಸೀಳು ಹೋಗಿ ಕೈಗೆ ಸಿಗುವ ಮರ ಅಷ್ಟೇ ಎಂದು ಸಮರ್ಥಕರ ಉತ್ತರ. ಅದೇ ದಿಮ್ಮಿಯೊಳಗೆ ಕೂರಿಸಬಹುದಾದ ಅತಿ ದೊಡ್ಡ ಚೌಕದ ವಿಸ್ತೀರ್ಣ ಸುಮಾರು 730. 900 ಎಂಬುದು ಚೌಕಕ್ಕೂ ವೃತ್ತಕ್ಕೂ ನಡುವೆ ಬೀಳುತ್ತದೆ. ಬೆಲೆ ನಿಗದಿಯಾಗುವುದೂ ಅದೇ ಲೆಕ್ಕದ ಮೇಲೆ ಇರುವವರೆಗೆ ಯಾರಿಗೂ ನಷ್ಟವಿಲ್ಲ ಎಂದು ನನಗನ್ನಿಸುತ್ತದೆ. ಕಾಡಿನಲ್ಲಿ ಎಷ್ಟು ಮರವಿದೆ ಎಂದು ಅಂದಾಜು ಮಾಡುವಾಗ ಇದನ್ನೇ ಬಳಸಿದರೆ ಮಾತ್ರ ತಪ್ಪು ದೊಡ್ಡದು.

ಇನ್ನೂ ತೀರದ ಪ್ರಶ್ನೆಗಳು

ಇತಿಹಾಸದ ಕಡೆಯಿಂದ ಕೆಲವು ಗಂಟುಗಳು ಹಾಗೇ ಇವೆ. ಬ್ಯಾಬಿಲೋನಿಯದ ಹನ್ನೆರಡನೆಯ ಭಾಗ ಅಳೆದು ಸಿಕ್ಕಿದ್ದೋ ಆಕೃತಿ ಕತ್ತರಿಸಿ ಸಿಕ್ಕಿದ್ದೋ ಫಲಕಗಳು ಬಾಯಿ ಬಿಡುವುದಿಲ್ಲ. ಹತ್ತರ ವರ್ಗಮೂಲಕ್ಕೆ ಹಲವು ಊಹೆಗಳಿವೆ, ಒಮ್ಮತವಿಲ್ಲ. ಆರ್ಯಭಟ ಸಂಬಂಧವನ್ನು ಹೇಳಿದ, ಸಾಧನೆ ಬರೆಯಲಿಲ್ಲ; ಎಸಳುಗಳ ಯುಕ್ತಿ ಅವನ ಕಾಲಕ್ಕೇ ಇತ್ತೇ ಎಂಬುದು ತೀರ್ಮಾನವಾಗಿಲ್ಲ. ಆರ್ಕಿಮಿಡೀಸನ ಕೃತಿಯಲ್ಲಿ ಎರಡನೆಯ ಪ್ರಮೇಯ ಮೂರನೆಯದರ ಫಲವನ್ನು ಬಳಸುತ್ತದೆ, ಆದ್ದರಿಂದ ನಮ್ಮ ಕೈಸೇರಿದ ಪಾಠ ಮೂಲದ್ದಲ್ಲ ಎಂಬುದು ಬಹುತೇಕ ಎಲ್ಲರ ಮಾತು, ಮೂಲದ ರೂಪ ಯಾವುದೆಂಬುದರಲ್ಲಿ ಒಪ್ಪಂದವಿಲ್ಲ.

ಗಣಿತದ ಕಡೆ ಲಿಂಡೆಮನ್ 1882ರಲ್ಲಿ ಒಂದು ಬಾಗಿಲು ಮುಚ್ಚಿದ: ಅಳತೆಪಟ್ಟಿ, ಕೈವಾರಗಳಿಂದ ವೃತ್ತದಷ್ಟೇ ವಿಸ್ತೀರ್ಣದ ಚೌಕ ರಚಿಸಲಾಗದು. ಗಣೇಶ ದೈವಜ್ಞನ ಕತ್ತರಿಗೂ 1963ರಲ್ಲಿ ಉತ್ತರ ಬಂತು. ಕತ್ತರಿಯಿಂದ ಕತ್ತರಿಸಬಹುದಾದ ಎಷ್ಟೇ ತುಂಡುಗಳಿರಲಿ, ಅವು ಮಿತವಾಗಿದ್ದರೆ ವೃತ್ತವನ್ನು ಚೌಕವಾಗಿ ಜೋಡಿಸಲಾಗದು ಎಂದು ಡೂಬಿನ್ಸ್, ಹಿರ್ಶ್, ಕರುಶ್ ಸಾಧಿಸಿದರು. ಕತ್ತರಿಗೆ ನಿಲುಕದ ವಿಚಿತ್ರ ತುಂಡುಗಳಿಗೆ ಒಪ್ಪಿದರೆ ಸಾಧ್ಯ ಎಂದು ಹಂಗೇರಿಯ ಲಾಟ್ಸ್‌ಕೊವಿಚ್ 1990ರಲ್ಲಿ ತೋರಿಸಿದರು.

ಪೂರ್ತಿ ತೆರೆದೇ ಇರುವ ಪ್ರಶ್ನೆ ಗಾಸ್‌ನದು. ಗ್ರಾಫ್ ಹಾಳೆಯಲ್ಲಿ ಚೌಕವೊಂದರ ಮೂಲೆಯನ್ನು ಕೇಂದ್ರವಾಗಿಟ್ಟು ವೃತ್ತ ಬರೆದು, ಅದರೊಳಗೂ ಅಂಚಿನ ಮೇಲೂ ಬೀಳುವ ಚೌಕಗಳ ಮೂಲೆಗಳನ್ನು ಎಣಿಸಿ. ತ್ರಿಜ್ಯ 10 ಆದರೆ ಎಣಿಕೆ 317, ವಿಸ್ತೀರ್ಣ 314.16. ವ್ಯತ್ಯಾಸ ಹುಟ್ಟುವುದು ಅಂಚು ಹಾಯ್ದ ಚೌಕಗಳಲ್ಲೇ ಆದ್ದರಿಂದ ಅದು ಪರಿಧಿಯ ಗಾತ್ರವನ್ನು ಮೀರಿ ಬೆಳೆಯದು ಎಂದು ಗಾಸ್ ತೋರಿಸಿದ. ನಿಜದಲ್ಲಿ ಅದು ಇನ್ನೂ ಎಷ್ಟೋ ಚಿಕ್ಕದು. 1906ರಲ್ಲಿ ಸಿಯರ್‌ಪಿನ್‌ಸ್ಕಿ ತ್ರಿಜ್ಯದ 2/3 ಘಾತಕ್ಕೆ ಇಳಿಸಿದ, 2003ರಲ್ಲಿ ಹಕ್ಸ್‌ಲಿ 131/208ರ ಹತ್ತಿರಕ್ಕೆ ತಂದರು. 1/2ಕ್ಕಿಂತ ಕೆಳಗೆ ಇಳಿಯದು ಎಂದು ಹಾರ್ಡಿ ಮತ್ತು ಲಾಂಡೌ 1915ರಲ್ಲೇ ತೋರಿಸಿದ್ದಾರೆ. ಅರ್ಧಕ್ಕಿಂತ ಕೂದಲೆಳೆ ಮೇಲಿನ ಯಾವ ಘಾತಕ್ಕೂ ಅದು ನಿಲ್ಲುತ್ತದೆ ಎಂಬ ಊಹೆಯನ್ನು ಯಾರೂ ಸಾಧಿಸಿಲ್ಲ.